ಬ್ಯಾಡಗಿಯ ವಖಾರಿಯಲ್ಲಿ ವಿಲಾಯತಿಯ ಮೋಟಾರು

ಬ್ಯಾಡಗಿಯ ಹೆಸರು ಕಿವಿಗೆ ಬಿದ್ದೊಡನೆಯೇ ನಮ್ಮ ಗೃಹಿಣಿಯರ ಕಣ್ಣೆದುರಿಗೆ ಕೆಂಪು ಬಣ್ಣವು ನಿಲ್ಲುವುದು. ಸಾರಿನ ಪುಡಿಯಾಗಲಿ, ಉಪ್ಪಿನಕಾಯಿಯಾಗಲಿ, ಆ ಊರಿನ ಮೆಣಸಿನಕಾಯಿಯು ಬೀಳದೆ ಬಣ್ಣವೇರಲಾರದೆಂಬುದು ಮನೆಮನೆಯ ಮಾತು. ನಾವಾದರೋ ಅನೇಕ ವರ್ಷಗಳಿಂದ ಆ ಊರಿನ ಕಾಯನ್ನು ಉಂಡವರೇ ಹೊರತು ಊರನ್ನು ಕಂಡವರಲ್ಲ. ಕಳೆದ ಮಾಘ ಮಾಸದಲ್ಲಿ ಅದನ್ನು ಕಾಣುವ ಯೋಗವು ನಮಗೆ ಒದಗಿ ಬಂದಿತು. ಆದರೆ ನಾವು ಹೋದದ್ದು ಮೆಣಸಿನಕಾಯಿಗಾಗಿಯಲ್ಲ. ಒಂದು ಹಳೆಯ ಮೋಟಾರಿಗಾಗಿ.

ಬ್ಯಾಡಗಿಯಲ್ಲಿ ನಮ್ಮ ಬಾಲ್ಯದ ಸ್ನೇಹಿತರೊಬ್ಬರು ಅಡತಿಯ ವ್ಯಾಪಾರವನ್ನು ನಡೆಯಿಸಿಕೊಂಡಿರುವರು. ಅವರು ಬರೆದ ಕಾಗದವು ಬಲು ಚಿಕ್ಕದು. "ಅಜ್ಜನ ಗಾಡಿ ಎದ್ದು ನಿಂತಿದೆ. ಕೊಳ್ಳುವವರು ಬೆಂಗಳೂರಿನಿಂದ ಬರುವವರಿದ್ದಾರೆ. ಅದು ಹೋಗುವ ಮೊದಲು ನೀವಿಬ್ಬರೂ ಬಂದು ನೋಡಿಕೊಂಡು ಹೋಗಬೇಕು" ಎಂದಿಷ್ಟೇ ಇದ್ದಿತು. ಅರ್ಧ ಶತಮಾನಕ್ಕೂ ಮಿಕ್ಕಿ ಮೆಣಸಿನಕಾಯಿಯ ವಖಾರಿಯಲ್ಲಿ ಮಲಗಿದ್ದ ಗಾಡಿಯು ಎದ್ದುದು ಸಂತೋಷದ ಸುದ್ದಿ; ಎದ್ದೊಡನೆಯೇ ಮನೆಯನ್ನು ಬಿಟ್ಟು ಹೋಗುವುದೆಂಬುದು ವ್ಯಸನದ ಸುದ್ದಿ. ಎರಡೂ ಒಂದೇ ಕಾಗದದಲ್ಲಿ ಬಂದುದರಿಂದ ನಾವು ತಡಮಾಡದೆ ನಮ್ಮ ಮನೆಯವರನ್ನೂ ಕರೆದುಕೊಂಡು ಹೊರಟೆವು.

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೇಲ್ವೆ ದಾರಿಯನ್ನು ಸದರ್ನ್ ಮರಾಠಾ ರೇಲ್ವೆ ಕಂಪನಿಯವರು 1880ರ ದಶಕದಲ್ಲಿ ಹಾಕಿದರು. ನೂರು ವರ್ಷಗಳಿಗೂ ಹೆಚ್ಚು ಕಾಲ ಇಲ್ಲಿ ಮೀಟರ್ ಗೇಜಿನ ಸಣ್ಣ ಗಾಡಿಗಳು ಓಡಾಡಿದುವು. 1990ರ ದಶಕದಲ್ಲಿ ಹಳಿಗಳು ಅಗಲವಾದುವು. ಕುಂದಗೋಳ, ಗುಡಗೇರಿ, ಯಲವಿಗಿಗಳನ್ನು ದಾಟುತ್ತ ಎರಡೂ ಕಡೆಗೆ ಎರೆಯ ಹೊಲಗಳು ಕಣ್ಣು ಹಾಯುವ ತನಕ ಹಬ್ಬಿರುವುವು. ಹಿಂಗಾರಿಯ ಜೋಳವು ತೆನೆಹಾಕಿ ನಿಂತಿದ್ದಿತು. ಅಲ್ಲಲ್ಲಿ ಕಣಗಳಲ್ಲಿ ಒಣಹಾಕಿದ ಮೆಣಸಿನಕಾಯಿಯು ಕೆಂಪು ಜಮಖಾನವನ್ನು ಹಾಸಿದಂತೆ ಕಾಣುತ್ತಲಿದ್ದಿತು. ಕರ್ಜಗಿಯ ಬಳಿಯಲ್ಲಿ ವರದೆಯನ್ನು ಕಂಡು, ಏಲಕ್ಕಿಯ ಮಾಲೆಗೆ ಹೆಸರಾದ ಹಾವೇರಿಗೆ ಬಂದೆವು. ಈ ಹಾವೇರಿಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಗಿ ತನ್ನದೇ ಜಿಲ್ಲೆಗೆ ಮುಖ್ಯ ಪಟ್ಟಣವಾಯಿತು. ಅಲ್ಲಿಂದ ಸ್ವಲ್ಪ ಹೊತ್ತಿನಲ್ಲಿಯೇ ಬ್ಯಾಡಗಿ. ನಿಲ್ದಾಣದಲ್ಲಿ ಕಾಲಿಟ್ಟೊಡನೆಯೇ ನಮ್ಮ ಮನೆಯವರು ಮೂರು ಸಲ ಸೀನಿದರು. "ಊರು ನಿಮ್ಮನ್ನು ಗುರುತಿಸಿತು" ಎಂದು ಸ್ನೇಹಿತರು ನಗುತ್ತ ಎದುರುಗೊಂಡರು.

ಅಂದು ಸೋಮವಾರ, ಪೇಟೆಯ ದಿನ. ಮನೆಗೆ ಹೋಗುವ ದಾರಿಯಲ್ಲಿ ಸ್ನೇಹಿತರು ಮಾರುಕಟ್ಟೆಯ ಪ್ರಾಂಗಣವನ್ನು ತೋರಿಸಿದರು. ಸಾಲುಸಾಲಾಗಿ ಚೀಲಗಳು, ಪ್ರತಿಯೊಂದು ಚೀಲದ ಬಾಯಿಯಲ್ಲಿಯೂ ಕೆಂಪು ರಾಶಿ. ನೀಳವಾಗಿ ಬಡಕಲಾಗಿ ಮೈಯೆಲ್ಲ ಸುಕ್ಕುಗಟ್ಟಿದುದು ಕಡ್ಡಿ. ಗಿಡ್ಡಾಗಿ ದುಂಡಗಿರುವುದು ಡಬ್ಬಿ. ಖಾರವು ಕಡಿಮೆ, ಬಣ್ಣವು ಅಪಾರ: ಇದೇ ಈ ಕಾಯಿಯ ಹೆಚ್ಚಳ. ಈ ಬಣ್ಣವನ್ನು ಹಿಂಡಿ ತೆಗೆದ ಸತ್ವವು ತಿನಿಸುಗಳಿಗೆ ಮಾತ್ರವಲ್ಲ, ಹೆಣ್ಣುಮಕ್ಕಳ ತುಟಿಯ ಬಣ್ಣಕ್ಕೂ ಹೋಗುವುದು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಪೇಟೆಯ ಬಣ್ಣವು ಯಾವಾಗಲೂ ಒಂದೇ ತೆರನಾಗಿರುವುದಿಲ್ಲ. 2024ರ ಮಾರ್ಚ್ 11ರಂದು ಬೆಲೆಯು ಕುಸಿಯಿತೆಂದು ರೊಚ್ಚಿಗೆದ್ದ ಜನರು ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯನ್ನಿಟ್ಟರು. ಆ ದಿನದ ಮಾತು ಬಂದಾಗ ಸ್ನೇಹಿತರು ದನಿಯನ್ನು ತಗ್ಗಿಸಿದರು. "ರೈತನ ಹೊಟ್ಟೆಯ ಬೆಂಕಿ ಅದು. ನಮಗೂ ಆ ವರ್ಷ ಬಲವಾದ ಪೆಟ್ಟು ಬಿತ್ತು. ಗಾಡಿಯನ್ನು ಮಾರುವ ವಿಚಾರ ಹುಟ್ಟಿದ್ದು ಆಗಲೇ" ಎಂದರು.

ಸ್ನೇಹಿತರ ಮನೆಯು ಹಳೆಯ ಕಾಲದ್ದು: ಮುಂದೆ ಅಂಗಡಿ, ನಡುವೆ ಪಡಸಾಲೆ, ಹಿಂದೆ ದನದ ಕೊಟ್ಟಿಗೆ, ಅದರಾಚೆಗೆ ವಖಾರಿ. ಈಗ ಕಾಯಿಯನ್ನು ಶೀತಲ ಗೋದಾಮುಗಳಲ್ಲಿಡುವ ಪದ್ಧತಿಯು ಬಂದುದರಿಂದ ಮನೆಯ ವಖಾರಿಗೆ ಕೆಲಸವು ಕಡಿಮೆ. ಕೊಟ್ಟಿಗೆಯಲ್ಲಿಯೂ ಎತ್ತುಗಳಿಲ್ಲ. ಮನೆಯ ಹಿರಿಯರಾದ, ಸ್ನೇಹಿತರ ತಾಯಿಯವರು ಕಟ್ಟೆಯ ಮೇಲೆ ಕುಳಿತಿದ್ದರು. "ಬಾರವ್ವ ತಂಗಿ, ಮದಲ ನೀರು ಕುಡಿ, ಆಮ್ಯಾಲ ಆ ಮಿಡತಿ ನೋಡಾಕ ಹೋಗೂಣು" ಎಂದು ನಮ್ಮ ಮನೆಯವರ ಕೈಯನ್ನು ಹಿಡಿದರು. ಮಿಡತಿ ಯಾವುದೆಂದು ನಮಗೆ ತಿಳಿಯಲಿಲ್ಲ. ವಖಾರಿಯ ಬಾಗಿಲು ತೆರೆದಾಗ ತಿಳಿಯಿತು.

ಒಳಗೆ ನಿಂತಿದ್ದುದು ಹಚ್ಚಹಸಿರಾದ ಎರಡು ಆಸನಗಳ ಗಾಡಿ. ಮುಂದಕ್ಕೆ ಚಾಚಿದ ಉದ್ದವಾದ ಮೂಗು; ಇಕ್ಕೆಲಗಳಲ್ಲಿ ನೆಗೆಯಲು ಮಡಚಿದ ಕಾಲುಗಳಂತಿರುವ ಮಡ್‌ಗಾರ್ಡುಗಳು; 19 ಅಂಗುಲದ, ತಂತಿಯ ಅರಗಳುಳ್ಳ ತೆಳುವಾದ ಗಾಲಿಗಳು; ಬೆನ್ನಿಗೆ ಪೆಟ್ರೋಲಿನ ಟಾಕಿ, ಅದರ ಬೆನ್ನಿಗೆ ಬಿಗಿದ ಹೆಚ್ಚಿನ ಗಾಲಿ. ಎದುರಿನ ಗಾಜನ್ನು ಮಡಚಿ ಮೂಗಿನ ಮೇಲೆ ಮಲಗಿಸಬಹುದು. ಬಾಗಿಲುಗಳು ಈಗಿನಂತಲ್ಲದೆ ಹಿಂದಿನ ಅಂಚಿಗೆ ತೂಗಿಕೊಂಡಿರುವುವು. ನಿಜವಾಗಿಯೂ ಹುಲ್ಲಿನ ಮೇಲೆ ಕುಳಿತ ಮಿಡತೆಯೇ ಸರಿ.

ಈ ಗಾಡಿಯ ಹೆಸರು ಎಂ. ಜಿ. ಟಿ. ಸಿ. ಎಂದು. ಎಂ. ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲಂಡಿನ ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸರಿಗೆ ಈ ಹೆಸರಿನ ಮೋಟಾರಿನ ಅಂಗಡಿಯಿದ್ದಿತು. 1922ರಲ್ಲಿ ಅದರ ಆಡಳಿತವನ್ನು ವಹಿಸಿಕೊಂಡ ಸೆಸಿಲ್ ಕಿಂಬರರು, ಮಾರಿಸರ ಸಾಧಾರಣ ಗಾಡಿಗಳಿಗೇ ಹಗುರಾದ ಅಂದವಾದ ಒಡಲುಗಳನ್ನು ತೊಡಿಸಿ, ಓಡಿಸುವುದರಲ್ಲಿಯೇ ಸುಖಪಡುವ ತರುಣರಿಗಾಗಿ ಸ್ಪೋರ್ಟ್ಸ್ ಕಾರುಗಳನ್ನು ಮಾಡಲಾರಂಭಿಸಿದರು. 1929ರಲ್ಲಿ ಕಾರ್ಖಾನೆಯು ಅಬಿಂಗ್ಡನ್ ಎಂಬ ಊರಿಗೆ, ಹಿಂದೆ ಚರ್ಮವನ್ನು ಹದಮಾಡುತ್ತಿದ್ದ ಕಟ್ಟಡಗಳಿಗೆ ಹೋಯಿತು. ಎರಡನೆಯ ಮಹಾಯುದ್ಧವು ಮುಗಿದ 1945ರಲ್ಲಿಯೇ ಟಿ. ಸಿ. ಗಾಡಿಯು ಹೊರಬಿದ್ದಿತು, ಕಿಂಬರರು ಅದನ್ನು ಕಾಣಲಿಲ್ಲ, ಅದೇ ವರ್ಷದ ಫೆಬ್ರವರಿಯಲ್ಲಿ ಲಂಡನ್ನಿನ ಒಂದು ರೇಲ್ವೆ ಅಪಘಾತದಲ್ಲಿ ತೀರಿಕೊಂಡಿದ್ದರು. ಯುದ್ಧದಿಂದ ಬಡವಾಗಿದ್ದ ಇಂಗ್ಲಂಡಿಗೆ ಹೊರನಾಡಿನ ಹಣವು ಬೇಕಾಗಿದ್ದಿತು. ಆದುದರಿಂದ ಸಾಮಾನನ್ನು ಪರದೇಶಕ್ಕೆ ಕಳುಹುವ ಕಾರ್ಖಾನೆಗಳಿಗೇ ಉಕ್ಕನ್ನು ಮೊದಲು ಹಂಚುತ್ತಿದ್ದರು. ಹೀಗೆ 1949ರ ಕೊನೆಯವರೆಗೆ ಆದ ಸುಮಾರು 10,000 ಟಿ. ಸಿ.ಗಳಲ್ಲಿ ಅನೇಕವು ಕಡಲನ್ನು ದಾಟಿದುವು. ಇನ್ನೊಂದು ತಮಾಷೆಯನ್ನು ಹೇಳಬೇಕು. ಈ ಗಾಡಿಗಳ ಕ್ರಮಸಂಖ್ಯೆಯು ಒಂದರಿಂದ ಆರಂಭವಾಗದೆ 251ರಿಂದ ಆರಂಭವಾಗುವುದು. ಕಾರಣ, ಕಾರ್ಖಾನೆಯ ಟೆಲಿಫೋನಿನ ಸಂಖ್ಯೆಯು 251! ಆ ಕಾರ್ಖಾನೆಯು 1980ರಲ್ಲಿ ಮುಚ್ಚಿತು. ಎಂ. ಜಿ. ಎಂಬ ಹೆಸರು ಕೈಯಿಂದ ಕೈಗೆ ಹೋಗಿ ಈಗ ಚೀನದ ಕಂಪನಿಯೊಂದರ ವಶದಲ್ಲಿದೆ. ಆ ಹೆಸರಿನ ಹೊಸ ಕಾರುಗಳು ಗುಜರಾತದ ಹಾಲೋಲದಲ್ಲಿ ಸಿದ್ಧವಾಗುವುವು. ಹೆಸರಿಗೂ ಒಡೆಯರು ಬದಲಾಗುವರೆಂದ ಮೇಲೆ ಗಾಡಿಗೆ ಬದಲಾಗುವುದು ಯಾವ ಆಶ್ಚರ್ಯ?

ನಮ್ಮ ಸ್ನೇಹಿತರ ಗಾಡಿಯು 1947ರದು. ಒಡೆತನದ ಕಾಗದಗಳನ್ನು ಅವರು ತಗಡಿನ ಟ್ರಂಕಿನಿಂದ ತೆಗೆದು ತೋರಿಸಿದರು. ಮೊದಲನೆಯ ಒಡೆಯನು ಮುಂಬಯಿಯ ಒಬ್ಬ ಆಂಗ್ಲ ವ್ಯಾಪಾರಿ. ಅವನು ಸ್ವದೇಶಕ್ಕೆ ಮರಳುವಾಗ ಹುಬ್ಬಳ್ಳಿಯ ಒಬ್ಬ ಡಾಕ್ಟರರು ಕೊಂಡರು. ಅವರಿಂದ 1956ರಲ್ಲಿ ಸ್ನೇಹಿತರ ಅಜ್ಜನವರು ಕೊಂಡರು. ಆಗ ಬ್ಯಾಡಗಿಯು ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ಅದೇ ವರ್ಷದ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ಊರೂ ಗಾಡಿಯೂ ಕೂಡಿಯೇ ಮೈಸೂರು ರಾಜ್ಯಕ್ಕೆ ಬಂದುವು. ಒಂದೇ ಪುಸ್ತಕದಲ್ಲಿ ಎರಡು ಸರಕಾರಗಳ ಮುದ್ರೆಗಳನ್ನು ಕಂಡು ನಮಗೆ ಚರಿತ್ರೆಯ ಪಾಠವನ್ನೇ ಓದಿದಂತಾಯಿತು.

ಅಜ್ಜನವರು ಧೋತರವನ್ನುಟ್ಟು, ರುಮಾಲನ್ನು ಬಿಗಿಯಾಗಿ ಸುತ್ತಿ, ಈ ಗಾಡಿಯಲ್ಲಿ ಹಳ್ಳಿಗಳಿಗೆ ವಸೂಲಿಗೆ ಹೋಗುತ್ತಿದ್ದರಂತೆ. ಹಳ್ಳಿಯ ಮಕ್ಕಳು "ಮಿಡತಿ ಬಂತೋ" ಎಂದು ಕೂಗುತ್ತ ಹಿಂದೆ ಓಡುತ್ತಿದ್ದರು. 1962ರಲ್ಲಿ ಸ್ನೇಹಿತರ ತಾಯಿಯವರು ರಾಣೆಬೆನ್ನೂರಿನ ತವರಿನಿಂದ ಮದುವಣಗಿತ್ತಿಯಾಗಿ ಬಂದುದು ಇದರಲ್ಲಿಯೇ. ಬೀಗರೆಲ್ಲ ಹಿಂದಿನಿಂದ ಚಕ್ಕಡಿಗಳಲ್ಲಿ ಬಂದರು. "ದಾರಿಯೊಳಗ ಎರಡ ಸಲ ನಿಂತತ್ರೀ. ಚಕ್ಕಡಿಯವರ ಮದಲ ಮುಟ್ಟಿದ್ರು" ಎಂದು ಹೇಳಿ ಆ ವೃದ್ಧೆಯವರು ಸೆರಗನ್ನು ಬಾಯಿಗೆ ಹಿಡಿದು ನಕ್ಕರು.

ಆದರೆ 1957ರ ಸುಮಾರಿಗೆ ನಮ್ಮ ದೇಶದಲ್ಲಿ ಪರದೇಶದ ಹಣವು ಬತ್ತಿ, ಹೊರಗಿನ ಸಾಮಾನಿನ ಮೇಲೆ ಕಟ್ಟುಗಳು ಬಿಗಿಯಾದುವು. ವಿಲಾಯತಿಯ ಮೋಟಾರಿನ ಬಿಡಿಭಾಗಗಳು ಸಿಕ್ಕದಾದುವು. ಹತ್ತು ವರ್ಷಗಳ ಕಾಲ ಅಜ್ಜನವರು ಊರಿನ ಕಂಬಾರರಿಂದಲೂ ಬಡಿಗರಿಂದಲೂ ಗಾಡಿಯನ್ನು ನಡೆಯಿಸಿಕೊಂಡು ಬಂದರು. 1969ರಲ್ಲಿ ಎಂಜಿನಿನ ಒಳಗಿನ ಬೇರಿಂಗುಗಳು ಸವೆದು ಹೋಗಲು ಅದನ್ನು ವಖಾರಿಗೆ ನೂಕಿ, ಮೇಲೆ ಗೋಣಿಯ ತಟ್ಟುಗಳನ್ನು ಹೊದಿಸಿದರು. ಮೆಣಸಿನಕಾಯಿಯ ಘಾಟಿಗೆ ಇಲಿಗಳು ಹತ್ತಿರ ಸುಳಿಯಲಿಲ್ಲವೆಂದು ಮನೆಯವರು ಹೇಳಿಕೊಳ್ಳುವರು. ಗೆದ್ದಲಿಗೆ ಮಾತ್ರ ಯಾವ ಘಾಟೂ ತಗಲಲಿಲ್ಲ.

ಗೆದ್ದಲಿಗೂ ಮೋಟಾರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾವೂ ಕೇಳಿದೆವು. ಈ ಗಾಡಿಯ ಮರ್ಮವೇ ಅಲ್ಲಿರುವುದು. ಕೆಳಗಿನ ಚಾಸಿಯು ಉಕ್ಕಿನದಾದರೂ ಅದರ ಮೇಲೆ ಕುಳಿತ ಒಡಲು ಮರದ ಗೂಡು. ಇಂಗ್ಲಂಡಿನಲ್ಲಿ ಬಂಡಿಗಳಿಗೂ ಗುದ್ದಲಿಯ ಕಾವುಗಳಿಗೂ ಬಳಸುವ ಆ್ಯಶ್ ಎಂಬ ಗಟ್ಟಿಯಾದ, ಬಾಗಿದರೂ ಮುರಿಯದ ಮರದಿಂದ ಅದನ್ನು ಕಟ್ಟಿ, ಮೇಲೆ ಉಕ್ಕಿನ ತಗಡನ್ನು ಹೊದಿಸಿರುವರು. ಹೊರಗೆ ಮೋಟಾರು, ಒಳಗೆ ಬಂಡಿ!

ಸ್ನೇಹಿತರ ಮಗನು ಎಂಜಿನಿಯರಿಂಗ್ ಓದಿದ ತರುಣ. ಅವನು 2021ರಲ್ಲಿ ಗಾಡಿಯನ್ನು ಒಂದು ದೊಡ್ಡ ಊರಿನ ಕಾರ್ಖಾನೆಗೆ ಕಳುಹಿಸಿದನು. ಅಲ್ಲಿಯವರು ಮರವೆಲ್ಲವೂ ಹಾಳಾಗಿದೆ, ಇಡಿಯ ಒಡಲನ್ನೇ ಇಂಗ್ಲಂಡಿನಿಂದ ಹೊಸದಾಗಿ ತರಿಸಬೇಕೆಂದರು. ಮುಂಗಡವನ್ನು ತೆಗೆದುಕೊಂಡರು, ಎರಡು ವರ್ಷ ಇಟ್ಟುಕೊಂಡರು. ಹಳೆಯ ಆಂಗ್ಲ ಗಾಡಿಗಳಲ್ಲಿ ಬ್ಯಾಟರಿಯ ಧನದ ತಂತಿಯನ್ನು ಗಾಡಿಯ ಮೈಗೆ ಜೋಡಿಸುವುದು ಪದ್ಧತಿ. ಈಗಿನ ಕ್ರಮವು ಅದಕ್ಕೆ ವಿರುದ್ಧ. ಇದನ್ನು ವಿಚಾರಿಸದೆ ಜೋಡಿಸಿ ವಿದ್ಯುತ್ತಿನ ನಿಯಂತ್ರಣದ ಪೆಟ್ಟಿಗೆಯನ್ನು ಸುಟ್ಟರು. ಕಡೆಗೆ ಗಾಡಿಯು ಲಾರಿಯಲ್ಲಿ ಮರಳಿ ಬಂದಿತು: ಚಾಸಿ ಒಂದು ಕಡೆ, ಒಡಲು ಒಂದು ಕಡೆ, ಉಳಿದುದೆಲ್ಲ ನಾಲ್ಕು ಗೋಣಿಚೀಲಗಳಲ್ಲಿ. ಮರುವರ್ಷವೇ ಪೇಟೆಯು ಬಿದ್ದಿತು. ಇದ್ದಂತೆಯೇ ಮಾರಿಬಿಡುವುದೆಂದು ಮನೆಯಲ್ಲಿ ನಿಶ್ಚಯವಾದಾಗ ತಾಯಿಯವರು ಒಂದೇ ಮಾತನ್ನು ಹೇಳಿದರಂತೆ. "ಮಾರೂದಾದ್ರ ಮಾರೋ ತಮ್ಮಾ. ಆದ್ರ ಮಲಗಿದ ಎತ್ತು ಯಾರೂ ಸಂತಿಗೆ ಒಯ್ಯೂದಿಲ್ಲ. ಎಬ್ಬಿಸು, ನಡಿಸು, ಆಮ್ಯಾಲ ಮಾರು." ಹಾವೇರಿಯ ದನದ ಸಂತೆಯನ್ನು ಬಲ್ಲವರಿಗೆ ಈ ಮಾತಿನ ಅರ್ಥವನ್ನು ಬಿಡಿಸಬೇಕಾಗಿಲ್ಲ. ಬೆಲೆಯ ದೃಷ್ಟಿಯಿಂದಲೂ ಅದು ಸರಿ, ಮರ್ಯಾದೆಯ ದೃಷ್ಟಿಯಿಂದಲೂ ಸರಿ.

ಹೀಗೆ ಕೆಲಸವು ಊರಿನ ಬಡಿಗೇರ ಅಜ್ಜನ ಕೈಗೆ ಬಂದಿತು. ಅವರು ತಾರುಣ್ಯದಲ್ಲಿ ಚಕ್ಕಡಿಗಳನ್ನು ಕಟ್ಟಿದವರು. ಟ್ರಾಕ್ಟರುಗಳು ಬಂದಮೇಲೆ ಬಾಗಿಲು ಕಿಟಕಿಗಳನ್ನು ಮಾಡಿಕೊಂಡಿದ್ದರು. ಮೊದಲನೆಯ ದಿನ ಅವರು ಉಳಿಯನ್ನೇ ಮುಟ್ಟಲಿಲ್ಲ. ಬೆರಳಿನ ಗೆಣ್ಣಿನಿಂದ ಒಂದೊಂದೇ ಮರವನ್ನು ತಟ್ಟಿ ಕಿವಿಗೊಟ್ಟು ಕೇಳಿದರು. ಗಟ್ಟಿ ದನಿಯ ಮರಕ್ಕೆ ಸುಣ್ಣದ ಬೊಟ್ಟು, ಟೊಳ್ಳು ದನಿಯದಕ್ಕೆ ಕೆಮ್ಮಣ್ಣಿನ ಬೊಟ್ಟು. ಸಂಜೆಗೆ ಎಣಿಸಿ ನೋಡಿದರೆ ಕೆಮ್ಮಣ್ಣಿನವು ಮೂರರಲ್ಲಿ ಒಂದು ಪಾಲು ಮಾತ್ರ! ಸಂಪೂರ್ಣ ಹಾಳಾಯಿತೆಂದುದು ಪಟ್ಟಣದವರ ಕಣ್ಣು. ಇಷ್ಟೇ ಹಾಳಾಗಿದೆ ಎಂದುದು ಹಳ್ಳಿಯ ಕಿವಿ.

ಹೊಸ ಮರವು ಯಾವುದಾಗಬೇಕೆಂಬುದು ಮುಂದಿನ ಪ್ರಶ್ನೆ. ತರುಣನು ಸಾಗವಾನಿಯೆಂದನು. ಅಜ್ಜನು ತಲೆಯಾಡಿಸಿದನು. ಸಾಗವಾನಿಯು ಗೆದ್ದಲಿಗೆ ಒಳ್ಳೆಯದು, ಆದರೆ ಕುಲುಕಾಟದ ಪೆಟ್ಟನ್ನು ತಡೆಯುವ ಬಾಗು ಅದಕ್ಕೆ ಸಾಲದೆಂದು ಅವನ ಅಭಿಪ್ರಾಯ. ಅವನು ಆರಿಸಿದುದು ದಿಂಡಿಗ. ನಮ್ಮ ಒಣ ಕಾಡುಗಳಲ್ಲಿ ಬೆಳೆಯುವ, ಹಿಂದಿನಿಂದಲೂ ಬಂಡಿಯ ಅಚ್ಚಿಗೆ ಬಳಸಿದ ಮರ. ಇಂಗ್ಲಿಷರೂ ಇದನ್ನು 'ಅಚ್ಚಿನ ಮರ'ವೆಂಬ ಅರ್ಥದ ಹೆಸರಿನಿಂದಲೇ ಕರೆಯುವರೆಂಬುದು ಸೋಜಿಗ. ಒಂದು ಹಳೆಯ ಚಕ್ಕಡಿಯನ್ನು ಬಿಚ್ಚಿ ಬಂದ, ಹತ್ತಾರು ಮಳೆಬಿಸಿಲುಗಳಲ್ಲಿ ಹದವಾದ ದಿಂಡಿಗವನ್ನೇ ಅವನು ಕೊರೆದು, ಒಂದು ಮರದ ನಾಲಗೆಯನ್ನು ಇನ್ನೊಂದರ ಬಾಯಿಯಲ್ಲಿ ಕೂಡಿಸಿ ಗೂಡನ್ನು ಮತ್ತೆ ನಿಲ್ಲಿಸಿದನು. ಅಳತೆಗಳನ್ನು ತರುಣನು ಇಂಗ್ಲಂಡಿನ ಪ್ರೇಮಿಗಳು ಕಾಪಾಡಿಟ್ಟ ನಕ್ಷೆಗಳಿಂದ ತೆಗೆದನು. 1930ರಲ್ಲಿ ಆರಂಭವಾದ ಎಂ. ಜಿ. ಕಾರ್ ಕ್ಲಬ್ಬು ಎಂಬ ಸಂಘವು ಅಲ್ಲಿ ಇಂದಿಗೂ ನಡೆದಿದೆ. ಬೇರಿಂಗು, ಬ್ರೇಕಿನ ರಬ್ಬರು ಮುಂತಾದ ಭಾಗಗಳನ್ನು ಮಾಡಿ ಮಾರುವವರೂ ಅಲ್ಲಿರುವರು.

ಎಂಜಿನಿನ ಕೆಲಸವು ರಾಣೆಬೆನ್ನೂರಿನ ಒಂದು ಲೇಥ್ ಅಂಗಡಿಯಲ್ಲಿ ನಡೆಯಿತು. ಅದು ನಾಲ್ಕು ಸಿಲಿಂಡರುಗಳ, 1,250 ಸಿ. ಸಿ.ಯ, 54 ಅಶ್ವಶಕ್ತಿಯ ಯಂತ್ರ. ಅಲ್ಲಿಯ ಮಿಸ್ತ್ರಿಗೆ ಒಂದು ಒಗಟು ಎದುರಾಯಿತು. ಬೋಲ್ಟುಗಳ ತಲೆಗೆ ಆಂಗ್ಲರ ವಿಟ್‌ವರ್ತ್ ಅಳತೆಯ ಪಾನಾ ಸರಿಹೋಗುವುದು; ಆದರೆ ಮರೆಯು ಇಂಚಿನದಲ್ಲ, ಮಿಲಿಮೀಟರಿನದು! ಅದೂ ಪೇಟೆಯಲ್ಲಿ ಸಿಕ್ಕುವ ಮರೆಯಲ್ಲ; ಈಗಿನ 8 ಮಿಲಿಮೀಟರಿನ ಸಾಧಾರಣ ಬೋಲ್ಟಿಗೆ ಮರೆಮರೆಗಳ ಅಂತರವು 1.25 ಮಿಲಿಮೀಟರು, ಇದಕ್ಕೆ ಒಂದೇ ಮಿಲಿಮೀಟರು. ಕಾರಣವು ಮೊದಲನೆಯ ಮಹಾಯುದ್ಧದಷ್ಟು ಹಳೆಯದು. ಆಗ ಫ್ರಾನ್ಸಿನ ಹಾಚ್‌ಕಿಸ್ ಎಂಬ ಬಂದೂಕಿನ ಕಂಪನಿಯವರು ಇಂಗ್ಲಂಡಿನ ಕಾವೆಂಟ್ರಿಯಲ್ಲಿ ಕಾರ್ಖಾನೆಯನ್ನು ತೆರೆದರು. 1923ರಲ್ಲಿ ಮಾರಿಸರು ಅದನ್ನು ಕೊಂಡಾಗ ಯಂತ್ರಗಳೆಲ್ಲ ಫ್ರೆಂಚ್ ಅಳತೆಯವು. ಅವುಗಳನ್ನು ಬದಲಾಯಿಸುವ ಬದಲು ಬೋಲ್ಟಿಗೆ ಆಂಗ್ಲರ ತಲೆಯನ್ನಿಟ್ಟು ಕೆಲಸವನ್ನು ಸಾಗಿಸಿದರು. ಮಿಸ್ತ್ರಿಯು ಬೇಕಾದ ಬೋಲ್ಟುಗಳನ್ನು ಒಂದೊಂದಾಗಿ ತಾನೇ ಕಡೆದನು. ಈಗಿನ ಪೆಟ್ರೋಲಿನಲ್ಲಿ ಬೆರೆಯುವ ಎಥನಾಲಿಗೆ ಹಳೆಯ ರಬ್ಬರು ತಾಳದಾದ್ದರಿಂದ ಕೊಳವೆಗಳೆಲ್ಲವನ್ನೂ ಹೊಸ ಜಾತಿಯವನ್ನು ಹಾಕಿದನು.

ಬಣ್ಣದ ವಿಷಯದಲ್ಲಿಯೂ ಒಂದು ವಾದವಾಯಿತು. ಗಾಡಿಯ ಮೇಲಿದ್ದುದು ಅಜ್ಜನವರ ಕಾಲದ ಕೊನೆಯ ಕೆಂಪು. ಬ್ಯಾಡಗಿಯ ಗಾಡಿಗೆ ಕೆಂಪಲ್ಲದೆ ಮತ್ತಾವ ಬಣ್ಣವೆಂದು ನೆರೆಹೊರೆಯವರೆಲ್ಲ ಒಂದೇ ದನಿಯಿಂದ ಹೇಳಿದರು. ತಾಯಿಯವರು ಮಾತ್ರ, "ಕೆಂಪ ಇದ್ರ ಮಿಡತಿ ಅಂತ ಯಾಕ ಕರೀತಿದ್ರು?" ಎಂದು ಕೇಳಿದರು. ಯಂತ್ರದ ಹಿಂದಿನ ಮರೆಯ ತಗಡನ್ನು ಮೆಲ್ಲಗೆ ಕೆರೆದು ನೋಡಿದರೆ ಕೆಂಪಿನ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಹಸಿರು. ಕಾಗದದಲ್ಲಿಯೂ ಇಲ್ಲದ ಸಂಗತಿಯು ಮಕ್ಕಳಿಟ್ಟ ಅಡ್ಡಹೆಸರಿನಲ್ಲಿ ಉಳಿದುಕೊಂಡಿದ್ದಿತು.

ಇಷ್ಟರ ನಡುವೆ ಎಡಬಾಗಿಲಿನ ಕೆಳಗಿನ ಒಂದು ಮರವನ್ನು ಬಡಿಗೇರ ಅಜ್ಜನು ನಮಗೆ ಬೆರಳಿಟ್ಟು ತೋರಿಸಿದನು. ಅದು ಆ್ಯಶ್ ಅಲ್ಲ, ದಿಂಡಿಗವೂ ಅಲ್ಲ, ಜಾಲಿ. ಒಡಲನ್ನು ಬಿಚ್ಚಿದಾಗ ಅದು ಕಣ್ಣಿಗೆ ಬಿದ್ದಿತಂತೆ. ಅದಕ್ಕೆ ಕೂಡಿಸಿದ ಕೀಲು ಚಕ್ಕಡಿಯ ಕೀಲು. ಮೇಲೆ ಬಂಡಿಯ ಗಾಲಿಯ ಕಬ್ಬಿಣದ ಪಟ್ಟಿಯ ತುಂಡನ್ನೇ ಬಡಿದು ಬಿಗಿದ ಬೆಸುಗೆ. ಅರವತ್ತು ವರ್ಷಗಳಾದರೂ ಕೂದಲೆಳೆಯಷ್ಟು ಸಡಿಲಾಗಿಲ್ಲ. "ಇದು ನಮ್ಮಪ್ಪನ ಕೈ ರೀ. ಉಳಿ ಎತ್ತಾಗ ಓಡೇತಿ ನೋಡ್ರಿ, ಅವಾ ಎಡಚ ಇದ್ದಾ" ಎಂದನು ಅಜ್ಜನು. ಕಾಗದದ ಪುಸ್ತಕದಲ್ಲಿ ಮೂವರು ಒಡೆಯರ ಹೆಸರುಗಳಿದ್ದುವು. ಆ ಮೂವರ ಗಾಡಿಯನ್ನು ನಡೆಯುವಂತೆ ಇಟ್ಟವನ ಹೆಸರು ಎಲ್ಲಿಯೂ ಇರಲಿಲ್ಲ. ಅದು ಇದ್ದುದು ಈ ಒಂದು ಮೊಳದ ಜಾಲಿಯಲ್ಲಿ ಮಾತ್ರ.

ಮರುದಿನ ಬೆಳಗಿನಲ್ಲಿ ಗಾಡಿಯನ್ನು ಹೊರಗೆ ತಂದರು. ನೋಂದಣಿಯ ಕಾಗದವು ಕೈಸೇರುವವರೆಗೆ ರಸ್ತೆಯ ಮೇಲೆ ಓಡಿಸುವುದಿಲ್ಲವೆಂಬುದು ಸ್ನೇಹಿತರ ಕಟ್ಟುನಿಟ್ಟು; ಆದುದರಿಂದ ಮನೆಯ ಹಿಂದಿನ ವಿಶಾಲವಾದ ಅಂಗಳದಲ್ಲಿಯೇ ಸವಾರಿ. ಎಳೆಯುವ ಗುಂಡಿಯನ್ನು ಎಳೆದೊಡನೆ ಯಂತ್ರವು ಎರಡು ಸಲ ಕೆಮ್ಮಿ ಗುರುಗುಟ್ಟಿತು. ನಮ್ಮ ಮನೆಯವರು ತರುಣನ ಪಕ್ಕದಲ್ಲಿ ಕುಳಿತರು. ಈ ಗಾಡಿಯಲ್ಲಿ ಒಂದು ವಿಚಿತ್ರವುಂಟು. ಯಂತ್ರವು ನಿಮಿಷಕ್ಕೆ ಎಷ್ಟು ಸುತ್ತು ತಿರುಗುವುದೆಂಬ ಮಾಪಕವು ಓಡಿಸುವವನ ಮುಂದಿದ್ದರೆ, ಗಾಡಿಯ ವೇಗದ ಮಾಪಕವು ಪಕ್ಕದವರ ಮುಂದಿರುವುದು! ಇಂಗ್ಲಂಡಿನ ಊರುಗಳೊಳಗೆ ಗಂಟೆಗೆ ಮೂವತ್ತು ಮೈಲಿಯ ಮಿತಿಯಿದ್ದುದರಿಂದ, ಇಪ್ಪತ್ತನ್ನು ಮುಟ್ಟಿದೊಡನೆ ಎಚ್ಚರಿಸುವ ಒಂದು ಪುಟ್ಟ ದೀಪವೂ ಉಂಟು. ಮೂರನೆಯ ಸುತ್ತಿನಲ್ಲಿ ಆ ದೀಪವು ಹೊತ್ತಿತು. "ಸಾಕು, ಸಾಕು!" ಎಂದು ನಮ್ಮ ಮನೆಯವರು ಕೂಗಿಕೊಂಡರು. ಇಳಿದ ಮೇಲೆ, "ಈ ಗಾಡಿಯನ್ನು ಮಾಡಿದವರು ಸಂಸಾರವನ್ನು ಬಲ್ಲವರು. ಓಡಿಸುವವರ ವೇಗವನ್ನು ನೋಡುವ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೇ ಕೊಟ್ಟಿದ್ದಾರೆ" ಎಂದು ತೀರ್ಪು ಕೊಟ್ಟರು.

ಮಧ್ಯಾಹ್ನಕ್ಕೆ ಕೊಳ್ಳುವವರು ಬಂದರು. ಸಭ್ಯರು, ಈ ವಿಷಯದಲ್ಲಿ ಬಲ್ಲವರು. ಅರ್ಧ ತಾಸು ನೆಲದ ಮೇಲೆ ಮಲಗಿ ಕೆಳಗಿನಿಂದಲೂ ನೋಡಿದರು. ಒಳ್ಳೆಯ ಬೆಲೆಯನ್ನೇ ಹೇಳಿದರು. ಆದರೆ ಒಡಲಿನ ಮರವು ಮೂಲದ್ದಲ್ಲವೆಂದು ಅದರಲ್ಲಿ ಒಂದಿಷ್ಟನ್ನು ಕಳೆದರು. 2021ರ ಜುಲೈಯಲ್ಲಿ ಭಾರತ ಸರಕಾರವು ಮಾಡಿದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿ, ಚಾಸಿ, ಒಡಲು, ಯಂತ್ರಗಳಲ್ಲಿ ಹೆಚ್ಚಿನ ಮಾರ್ಪಾಟಿಲ್ಲದೆ ಮೂಲಸ್ವರೂಪದಲ್ಲಿರುವ ಗಾಡಿಗೆ 'ವಿಂಟೇಜ್' ಎಂಬ ಬೇರೆ ವರ್ಗವುಂಟು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಳಿಕ ಮತ್ತೆ ಮಾಡಿಸಲು 5,000 ರೂಪಾಯಿ. ಹಿಂದೆಯೇ ನೋಂದಣಿಯಾದವು ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಗಳಂಥ ಕೆಲಸಕ್ಕೆ ಹೊರಗೆ ತರಬಹುದಲ್ಲದೆ ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸಲಾಗದು. ಆ 'ಮೂಲಸ್ವರೂಪ' ಯಾವುದೆಂಬುದೇ ಈಗ ವಾದ. ಕೊಳ್ಳುವವರ ಮತದಲ್ಲಿ ಅದು ಅಬಿಂಗ್ಡನ್ನಿನಿಂದ ಹೊರಟ ದಿನದ ರೂಪ. ತರುಣನ ಮತದಲ್ಲಿ ಆಕಾರವೂ ಅಳತೆಯೂ ಚಾಸಿಯೂ ಯಂತ್ರವೂ ಹಾಗೆಯೇ ಇರುವಾಗ ಮರದ ಜಾತಿಯಿಂದ ರೂಪವು ಕೆಡದು. ಎರಡರಲ್ಲಿಯೂ ಹುರುಳಿಲ್ಲವೆಂದು ನಾವು ಹೇಳಲಾರೆವು.

ತಾಯಿಯವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಲಿದ್ದರು. "ನೀವು ಒಯ್ದ ಮ್ಯಾಲ ಆ ಜಾಲಿ ಕಟಿಗಿ ಏನ ಮಾಡ್ತೀರಿ ಅಣ್ಣಾ?" ಎಂದರು. ಬಂದವರು ಪ್ರಾಮಾಣಿಕರು, ಸುಳ್ಳನ್ನಾಡಲಿಲ್ಲ. "ತೆಗೆಸಿ ಹೊಸದು ಹಾಕಿಸಬೇಕಾಗ್ತದೆ, ಅಮ್ಮಾ" ಎಂದರು. ಬಡಿಗೇರ ಅಜ್ಜನು ಮೂಲೆಯಲ್ಲಿ ಕುಳಿತು ಉಳಿಯನ್ನು ಕಲ್ಲಿಗೆ ಮಸೆಯುತ್ತಿದ್ದವನು ತಲೆಯನ್ನೆತ್ತಲಿಲ್ಲ. ಮಸೆಯುವ ಸಪ್ಪಳವು ಮಾತ್ರ ನಿಂತಿತು. ಸ್ನೇಹಿತರಿಗೆ ಹಣದ ತೊಂದರೆಯು ಸಣ್ಣದಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಅವರು ಬಹಳ ಹೊತ್ತು ಗಾಡಿಯ ಕಡೆಗೆ ನೋಡಿ, "ಹಂಗಾಮು ಮುಗಿಯಲಿ. ವಿಚಾರ ಮಾಡಿ ತಿಳಿಸುತ್ತೇವೆ" ಎಂದರು. ಬಂದವರು ಮೊಸರವಲಕ್ಕಿಯನ್ನು ತಿಂದು, ಡಬ್ಬಿ ಮೆಣಸಿನಕಾಯಿಯ ಒಂದು ಚೀಲವನ್ನು ಕೊಂಡು ಹೊರಟುಹೋದರು. ಸಂಜೆಯ ಗಾಡಿಗೆ ನಾವೂ ಹೊರಟೆವು.

ಯುಗಾದಿಯ ಮರುವಾರ ಸ್ನೇಹಿತರಿಂದ ಕಾಗದವು ಬಂದಿತು. ವಖಾರಿಯನ್ನು ಟ್ರಾಕ್ಟರಿನ ಸಾಮಾನು ಮಾರುವವರೊಬ್ಬರಿಗೆ ಬಾಡಿಗೆಗೆ ಕೊಟ್ಟರಂತೆ. ತಿಂಗಳು ತಿಂಗಳಿಗೆ ಬರುವ ಆ ಹಣದಿಂದ ಸಾಲದ ಬಡ್ಡಿಯು ಸಾಗುವುದಂತೆ. ಈ ವರ್ಷಕ್ಕೆ ಗಾಡಿಯ ಮಾರಾಟವಿಲ್ಲ. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ. ವಖಾರಿಯು ಹೋದುದರಿಂದ ಮಿಡತೆಗೆ ಬೇರೆ ಸ್ಥಳವು ಬೇಕಾಯಿತು. ಬಡಿಗೇರ ಅಜ್ಜನು ದನದ ಕೊಟ್ಟಿಗೆಯ ಗೋದಲಿಯನ್ನು ಕಿತ್ತು, ನೆಲವನ್ನು ಸಮಮಾಡಿ, ಗೆದ್ದಲು ಹತ್ತದಂತೆ ಸುತ್ತಲೂ ಕಲ್ಲನ್ನು ಹಾಸಿಕೊಟ್ಟನಂತೆ. ಹಿಂದೆ ಎತ್ತುಗಳು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಅದು ನಿಂತಿರುವುದು. ತಾಯಿಯವರು ವಾರಕ್ಕೊಮ್ಮೆ ಮೊಮ್ಮಗನನ್ನು ಕರೆದು, ಅಂಗಳದಲ್ಲಿ ಮೂರು ಸುತ್ತು ತಿರುಗಿಸಿ ಕಟ್ಟು ಎಂದು ಹೇಳುವರಂತೆ.